ಮೌಶಿಯ ಎರವಲು ಪ್ರಾಣಿಗಳು

ನಮ್ಮ ಮೌಶಿಯ ಮನೆಯಲ್ಲಿ ಒಂದು ಇರುವೆ ಕೂಡ ಇಲ್ಲ. ಆದರೂ ಇಡೀ ಬೊರಿವಲಿಯಲ್ಲಿ ಅವಳಷ್ಟು ಪ್ರಾಣಿಗಳ ಮೇಲೆ ಹಕ್ಕು ನಡೆಸುವವರು ಇನ್ನೊಬ್ಬರಿಲ್ಲ ಎಂದರೆ ನೀವು ನಂಬಲೇಬೇಕು! ನಾಯಿ ಬೇಕೆ? ಪಕ್ಕದ ಮನೆಯದು. ಮೀನು ಬೇಕೆ? ಮೇಲಿನ ಮಹಡಿಯ ಡಾಕ್ಟರರದು. ಮೊಲ ಬೇಕೆ? ಎದುರು ಬಿಲ್ಡಿಂಗಿನವರದು. ನೀವು ನಾವೆಲ್ಲ ನೆರೆಮನೆಯಿಂದ ಹೆಚ್ಚೆಂದರೆ ಒಂದು ಬಟ್ಟಲು ಸಕ್ಕರೆಯನ್ನೋ ಮೊಸರಿಗೆ ಹೆಪ್ಪನ್ನೋ ತರುವ ಜನ. ಮೌಶಿ ಪ್ರಾಣಿಗಳನ್ನು ತರುತ್ತಾಳೆ. ಸಂಜೆ ಸುಸೂತ್ರವಾಗಿ ವಾಪಸು ಮಾಡುತ್ತಾಳೆ. ಈ ವ್ಯವಹಾರದಲ್ಲಿ ಅವಳು ಯಾರನ್ನೂ ಕೇಳದೆ ಎತ್ತಿಕೊಂಡು ಹೋಗುವ ಪ್ರಾಣಿ ಒಂದೇ ಒಂದು. ಅದು ನಾನು.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಸಿಕ್ಕಿತೆಂದು ಹರೆಯದಲ್ಲಿ ಧಾರವಾಡ ಬಿಟ್ಟು ಮುಂಬಯಿಗೆ ಬಂದವಳು ಇಲ್ಲೇ ನಿವೃತ್ತಳಾಗಿ ಇಲ್ಲೇ ಉಳಿದಳು. ಮದುವೆಯ ಗೋಜಿಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ, “ದಿನಾ ಮುಂಜಾನಿಂದ ಸಂಜಿತನಕಾ ಗಂಡಾ ಹೆಂಡತಿ ಜಗಳಾ ಕಿವಿಯಾಗ ಹಾಕ್ಕೊಂಡಾಕಿಗೆ ಮತ್ತ ಮದುವಿ ಯಾಕ ಬೇಕೋ?” ಎನ್ನುತ್ತಾಳೆ.

ಈ ಎರವಲು ಪ್ರಾಣಿಗಳಿಂದ ಅವಳಿಗೇನು ಲಾಭ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಅಂಧೇರಿಯಲ್ಲಿ ನಮ್ಮ ಕಡೆಯವರದೊಂದು ಸಂಘವಿದೆ. ವರ್ಷಕ್ಕೊಮ್ಮೆ ಊರ ಕಡೆಯಿಂದ ಮಕ್ಕಳ ತಂಡವೊಂದನ್ನು ಕರೆಸಿ ಪವಾಯಿ, ಬೊರಿವಲಿ ಎಂದು ಅಲ್ಲಲ್ಲಿ ಕಾರ್ಯಕ್ರಮ ಮಾಡಿಸುತ್ತದೆ. ಒಂದು ವರ್ಷ ಕಂಬವೇರಿ ಕಸರತ್ತು ಮಾಡುವ ಮಲ್ಲಕಂಬದ ಹುಡುಗರು, ಇನ್ನೊಂದು ವರ್ಷ ಡೊಳ್ಳಿನ ಹುಡುಗಿಯರು. ಊಟ, ವಸತಿ ಸಂಘದ ಸಭಾಗೃಹದಲ್ಲಿ. ಬಂದ ದಿನ ಆ ಮಕ್ಕಳು ನೆಲದ ಮೇಲೆ ನಿಲ್ಲುವುದಿಲ್ಲ. ಮರುದಿನ ಸಮುದ್ರ ನೋಡಿ ಕುಣಿಯುತ್ತಾರೆ. ಆಮೇಲೆ ಯಾರೋ ಒಬ್ಬರಿಗೆ ಅವ್ವನ ನೆನಪಾಗುತ್ತದೆ. ಅಲ್ಲಿಗೆ ಮುಗಿಯಿತು! ಆಕಳಿಕೆಯ ಹಾಗೆ ಅಳುವೂ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಸಂಘದ ಅಧ್ಯಕ್ಷರು ಓಡಿಬಂದು, ತಾವು ಊರು ಬಿಟ್ಟು ಬಂದು ಎಷ್ಟು ಕಷ್ಟಪಟ್ಟು ಮೇಲೆ ಬಂದೆವು ಎಂದು ಸಮಾಧಾನದ ಭಾಷಣ ಮಾಡುತ್ತಾರೆ. ಆಗ ಅಳದೆ ಉಳಿದಿದ್ದ ಮಕ್ಕಳೂ ಅಳುತ್ತಾರೆ.

ಇದಕ್ಕೆ ಮೌಶಿ ಕಂಡುಕೊಂಡ ಔಷಧಿಯೇ ಪ್ರಾಣಿ. ಆಕೆಯ ಸಿದ್ಧಾಂತ ಸರಳವಾದದ್ದು.

“ಮನಿ ನೆನಪಾಗಿ ಅಳೂ ಹುಡುಗರ ಮುಂದ ಮನಷ್ಯಾರು ಹೋಗಬಾರದೋ. ಮನಷ್ಯಾರು ‘ಯಾಕ ಅಳ್ತೀ?’ ಅಂತ ಕೇಳತಾರ. ಆ ಕೂಸಿಗೆ ಉತ್ತರಾ ಎಲ್ಲಿಂದ ಬರಬೇಕು? ಪ್ರಾಣಿ ಹಂಗ ಕೇಳೂದಿಲ್ಲ. ಸುಮ್ಮನ ಬಂದು ಮಗ್ಗಲಿಗೆ ಕೂಡತದ.”

ಸಿದ್ಧಾಂತ ಚೆನ್ನಾಗಿಯೇ ಇದೆ. ಆದರೆ ಸಿದ್ಧಾಂತವನ್ನು ಬೊರಿವಲಿಯಿಂದ ಅಂಧೇರಿಗೆ ಸಾಗಿಸಲು ಕಾರು ಬೇಕಲ್ಲ? ಕಾರು ನನ್ನದು. ಪವಾಯಿಯಲ್ಲಿ ಒಂದು ಆಫೀಸಿನಲ್ಲಿ ಕುರ್ಚಿ, ಕಂಪ್ಯೂಟರು, ಕೈಕೆಳಗೆ ನನ್ನ ಮಾತು ಕೇಳದ ಕೆಲವರು, ಹೀಗೆ ಗೌರವವಾಗಿ ಬದುಕಿರುವವನು ನಾನು. ಶನಿವಾರ ಬಂದರೆ ಮೌಶಿಯ ಪ್ರಾಣಿಗಳ ಡ್ರೈವರು. ಹಿಂದಿನ ಸೀಟಿನ ತುಂಬ ಬಿಳಿ ಕೂದಲು. ಸೋಮವಾರ ಆಫೀಸಿನಲ್ಲಿ ಯಾರಾದರೂ ಲಿಫ್ಟ್ ಕೇಳಿದರೆ, ಅವರು ಇಳಿಯುವಾಗ ಅರ್ಧ ಪಾಮೆರೇನಿಯನ್ ನಾಯಿಯೇ ಆಗಿರುತ್ತಾರೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ನಾಯಿ ಎಂದರೆ ಸ್ವಲ್ಪ ಹಿಂಜರಿಕೆ. ಹಿಂಜರಿಕೆ ಎನ್ನುವುದು ನನ್ನ ಶಬ್ದ. ಮೌಶಿ ಅದಕ್ಕೆ “ಪುಕ್ಕಲ” ಎನ್ನುತ್ತಾಳೆ. ಆಗೆಲ್ಲ ನಾನು ನನ್ನ ಬೆಕ್ಕಿನ ಕಥೆಯನ್ನು ಹೊರಗೆ ತೆಗೆಯುತ್ತೇನೆ. ಅವ್ವ ತೀರಿಕೊಂಡ ವರ್ಷವೇ ನನಗೆ ಮುಂಬಯಿಯಲ್ಲಿ ನೌಕರಿ ಸಿಕ್ಕಿತು. ಮೌಶಿಯ ಮನೆಯಲ್ಲೇ ಇಳಿದುಕೊಂಡಿದ್ದೆ. ಬಂದ ಹೊಸದರಲ್ಲೇ ಪಕ್ಕದ ಮನೆಯ ಗುಜರಾತಿ ಬೇನ್ ಸಂಸಾರಸಮೇತ ತಮ್ಮೂರು ಕಚ್ಛಕ್ಕೆ ಹೋಗಬೇಕಾಗಿ ಬಂದು, ಅವರ ಬೆಕ್ಕನ್ನು ಮೌಶಿ ನನ್ನ ಸುಪರ್ದಿಗೆ ಒಪ್ಪಿಸಿದಳು. “ನನಗ ಡ್ಯೂಟಿ ಅದ. ಇದರ ಜವಾಬ್ದಾರಿ ಪೂರ್ತಿ ನಿಂದು” ಎಂದಳು. ಆ ಬೆಕ್ಕು ನನ್ನ ಹೊಟ್ಟೆಯ ಮೇಲೆ ಮಲಗುತ್ತಿತ್ತು. ನಾನು ತಿನ್ನದಿದ್ದರೆ ಅದೂ ತಿನ್ನುತ್ತಿರಲಿಲ್ಲ. ಅದಕ್ಕಾಗಿ ನಾನು ತಿನ್ನಬೇಕಾಗುತ್ತಿತ್ತು. ಮಾಲೀಕರಿಲ್ಲದ ಮೂಕಪ್ರಾಣಿಯನ್ನು ಹೀಗೆ ಮಗುವಿನಂತೆ ಸಾಕಿದವನನ್ನು ಪುಕ್ಕಲ ಎನ್ನುವುದೆ? ಈ ಕಥೆಯನ್ನು ನಾನು ಹೆಂಡತಿಗೆ, ಆಫೀಸಿನವರಿಗೆ, ಒಮ್ಮೆ ಲೋಕಲ್ ರೈಲಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ್ದೇನೆ. ಹೇಳುವಾಗಲೆಲ್ಲ ಮೌಶಿ ಎದುರಿಗಿದ್ದರೆ, ಎದ್ದು ಚಹಕ್ಕೆ ಇಡಲು ಹೋಗಿಬಿಡುತ್ತಾಳೆ.

ಈಗ ಮಲ್ಲಕಂಬದ ವರ್ಷಕ್ಕೆ ಬರೋಣ. ಬಾಗಲಕೋಟೆ ಕಡೆಯ ಹುಡುಗರು. ಅಳುವಿನ ಸುದ್ದಿ ಬಂದದ್ದೇ ತಡ, ಮೌಶಿ ಬೇನ್‌ರ ಈಗಿನ ನಾಯಿಯನ್ನು ಎರವಲು ತಂದಳು. ಅದು ಬಿಳಿ ಪಾಮೆರೇನಿಯನ್. ಹೆಸರು ಖಾಖ್ರಾ. ಗುಜರಾತಿಗಳು ಚಹದ ಜೊತೆ ತಿನ್ನುವ ಹಪ್ಪಳದಂಥ ತಿಂಡಿಯ ಹೆಸರನ್ನು ನಾಯಿಗಿಟ್ಟಿದ್ದಾರೆ. ಆ ದಿನ ಅದಕ್ಕೆ ಕೆಂಪು ಸ್ವೆಟರು, ತಲೆಗೊಂದು ರಿಬ್ಬನ್ನು. ಹುಡುಗರು ಅಳು ನಿಲ್ಲಿಸಿ ಸುತ್ತ ನೆರೆದರು. ಮೌಶಿಯ ಮುಖ ಅರಳಿತು.

“ಸರ, ಇದು ಖರೇನ ನಾಯೇನ್ರಿ?” ಎಂದು ಒಬ್ಬ ನನ್ನನ್ನು ಕೇಳಿದ.

“ಆರಾಮಿಲ್ಲೇನ್ರಿ ಇದಕ? ಸ್ವೆಟರ್ ಹಾಕೀರಿ?” ಎಂದು ಇನ್ನೊಬ್ಬ.

“ಇದು ಕುರಿ ಕಾಯ್ತೈತೇನ್ರಿ?” ಎಂದು ಮತ್ತೊಬ್ಬ ಕೇಳಿದಾಗ ಎಲ್ಲರೂ ನಕ್ಕರು. ಖಾಖ್ರಾಗೆ ಅವಮಾನವಾಗಿರಬೇಕು. ಮೌಶಿಯ ಕೈಯಿಂದ ಜಿಗಿದು ಬೊಗಳುತ್ತ ಓಡಿತು. ಯಾರ ಕಡೆಗೆ? ನೆರೆದಿದ್ದ ಅಷ್ಟು ಜನರಲ್ಲಿ ನನ್ನ ಕಡೆಗೇ! ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿಲ್ಲ. ನೆನಪಿರುವುದು ಇಷ್ಟೆ: ನಾನು ಸಭಾಗೃಹವನ್ನು ಮೇಲಿನಿಂದ ನೋಡುತ್ತಿದ್ದೆ. ಅಭ್ಯಾಸಕ್ಕೆ ನಿಲ್ಲಿಸಿದ್ದ ಮಲ್ಲಕಂಬದ ತುದಿಯಲ್ಲಿದ್ದೆ. ಆ ಕಂಬಕ್ಕೆ ಔಡಲೆಣ್ಣೆ ಬಳಿದಿರುತ್ತಾರೆ ಎಂಬುದು ನನಗೆ ತಿಳಿದದ್ದು ನಿಧಾನವಾಗಿ, ಜಾರುತ್ತ ಜಾರುತ್ತ, ಖಾಖ್ರಾ ಕೆಳಗೆ ಬಾಯಿ ತೆರೆದು ಕಾಯುತ್ತಿರುವಾಗ.

ಹುಡುಗರು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕರು. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಎಲ್ಲರಿಗಿಂತ ಚಿಕ್ಕವನು ಎದ್ದು ಬಂದು, “ಸರ, ಇನ್ನೊಮ್ಮಿ ಏರ್ರಿ!” ಎಂದ. ಅವರ ಗುರುಗಳು ಬಂದು ನನ್ನ ಕೈ ಕುಲುಕಿ, “ಕಲಿಸಿದವರೂ ಹಿಂಗ ಏರಂಗಿಲ್ರಿ” ಎಂದರು. ಆ ವರ್ಷ ಮತ್ತೆ ಯಾರೂ ಅಳಲಿಲ್ಲ. ಮರಳುವಾಗ ಮೌಶಿ ಕಾರಿನಲ್ಲಿ ಬಹಳ ಹೊತ್ತು ವಿಚಾರಮಾಡಿ ಹೇಳಿದಳು:

“ಮುಂದಿನ ಸಲ ನಾಯಿ ಬ್ಯಾಡೋ. ನಿನ್ನ ಒಬ್ಬನ್ನ ಕರಕೊಂಡು ಬಂದ್ರ ಸಾಕು.”

ಹೀಗೆ ಬಡ್ತಿ ಪಡೆದವನು ನಾನು. ಡ್ರೈವರಿನಿಂದ ನೇರವಾಗಿ ಪ್ರಾಣಿ!

ಈ ಸಲ ಬಂದದ್ದು ಗದಗಿನ ಕಡೆಯ ಒಂದು ಹಳ್ಳಿಯ ಡೊಳ್ಳಿನ ಹುಡುಗಿಯರು. ಅವರ ಮುಂದಾಳು ರೇಣುಕಾ. ಡೊಳ್ಳು ಅವಳಿಗಿಂತ ದೊಡ್ಡದು. ಅವಳು ಮೊದಲ ಪೆಟ್ಟು ಹಾಕಿದ ಮೇಲೆಯೇ ಉಳಿದವರು ಶುರುಮಾಡುವುದು. ಮೊದಲೆರಡು ಕಾರ್ಯಕ್ರಮಗಳಲ್ಲಿ ಆ ಹುಡುಗಿ ಬಾರಿಸಿದ್ದನ್ನು ಕೇಳಿ, ಭಾಷಣಕ್ಕೆ ಎದ್ದ ಅಧ್ಯಕ್ಷರು ಭಾಷಣ ಮರೆತು ಕೂತುಬಿಟ್ಟರಂತೆ. ಅಂಥವಳು ಆಮೇಲೆ ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಊಟ ಬಿಟ್ಟಳು. ಉಳಿದ ಹುಡುಗಿಯರು ಅತ್ತು ಹಗುರಾದರು. ಇವಳು ಅಳಲೂ ಇಲ್ಲ. ಡೊಳ್ಳನ್ನು ತಬ್ಬಿಕೊಂಡು ಗೋಡೆಗೆ ಮುಖ ಮಾಡಿ ಕೂತಳು.

ಜೊತೆಗೆ ಬಂದಿದ್ದ ಅಕ್ಕೋರಿಗೆ, ಅಂದರೆ ಅವರ ಶಾಲೆಯ ಶಿಕ್ಷಕಿಗೆ, ಕೈಕಾಲು ಆಡದಂತಾಯಿತು. “ಊಟಾನ ಮಾಡವಲ್ಲಳ್ರಿ. ಊರಿಗೆ ಕಳಿಸಿಬಿಡ್ತೀನಿ. ಆದ್ರ ಒಂದ ಸಂಕಟ ನೋಡ್ರಿ” ಎಂದು ಮೌಶಿಯ ಮುಂದೆ ಹೇಳಿಕೊಂಡರು. “ಹೆಣ್ಣಹುಡುಗಿ ಊರೂರು ಕುಣಿಯೂದ ಬ್ಯಾಡ ಅಂತ ಇವರಪ್ಪ ಒಪ್ಪಿದ್ದಿಲ್ಲ. ಕೈಕಾಲು ಹಿಡದು ಕರಕೊಂಡು ಬಂದೀನಿ. ಈಗ ನಡುವ ಹೊಳ್ಳಿ ಹ್ವಾದ್ರ ಮುಗೀತು. ಮತ್ತ ಹೊಸ್ತಿಲಾ ದಾಟಿಸಂಗಿಲ್ಲ. ಈ ಹುಡುಗಿ ಕೈಯಾಗಿನ ಡೊಳ್ಳು ಅಲ್ಲಿಗೇ ನಿಲ್ತೈತ್ರಿ.”

ಮೌಶಿ ಸೆರಗು ಸಿಕ್ಕಿಸಿಕೊಂಡಳು. ಖಾಖ್ರಾ ಬಂತು. ರೇಣುಕಾ ತಿರುಗಿ ನೋಡಲಿಲ್ಲ. ಡಾಕ್ಟರರ ಮೀನುಗಳು ಗಾಜಿನ ಬುಡ್ಡಿಯಲ್ಲಿ ಕೂತು, ನನ್ನ ತೊಡೆಯ ಮೇಲೆ ಅರ್ಧ ನೀರು ಚೆಲ್ಲಿ, ಬಂದವು. ಉಳಿದ ಹುಡುಗಿಯರಲ್ಲಿ ಒಬ್ಬಳು, “ಇಷ್ಟ ಸಣ್ಣೂವು ತಿಂದ್ರ ಹೊಟ್ಟಿ ಹ್ಯಾಂಗ ತುಂಬತೈತ್ರಿ?” ಎಂದು ಕನಿಕರಿಸಿದಳು. ರೇಣುಕಾ ನೋಡಲಿಲ್ಲ. ಎದುರು ಬಿಲ್ಡಿಂಗಿನ ಮೊಲ ಬಂತು. ಊಹೂಂ. ಕೊನೆಗೆ ಮೌಶಿ ನನ್ನ ಕಡೆ ನೋಡಿದಳು. ನಾನೂ ಒಬ್ಬ ಜವಾಬ್ದಾರಿಯುತ ಪ್ರಾಣಿಯಾಗಿ ಖಾಖ್ರಾನ ಬಾಲವನ್ನು ಬೇಕೆಂದೇ ಮುಟ್ಟಿದೆ. ಅದು ಅಟ್ಟಿಸಿಕೊಂಡು ಬಂತು. ಸಭಾಗೃಹವನ್ನು ಸುತ್ತು ಹಾಕಿ ಕುರ್ಚಿಯ ಮೇಲೆ ಕುರ್ಚಿ ಏರಿದೆ. ಎಲ್ಲರೂ ನಕ್ಕರು. ರೇಣುಕಾಳ ಬೆನ್ನು ಮಾತ್ರ ಹಾಗೆಯೇ ಇತ್ತು. ನನ್ನ ಕಲೆಗೆ ಅಂಥ ಸೋಲು ಯಾವತ್ತೂ ಆಗಿರಲಿಲ್ಲ.

ಆಮೇಲೆ ಮೌಶಿ ಪ್ರಾಣಿಗಳನ್ನೆಲ್ಲ ಕಾರಿಗೆ ತುಂಬಿಸಿ, ತಾನು ಹೋಗಿ ಆ ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು. ಏನೂ ಕೇಳಲಿಲ್ಲ. ಗೋಡೆ ನೋಡುತ್ತ ಕೂತಳು. ಸಂಘದವರು ಚಹ ತಂದಿಟ್ಟರು. ಬಹಳ ಹೊತ್ತಿನ ಮೇಲೆ ರೇಣುಕಾ ಕಪ್ಪನ್ನು ಎತ್ತಿದಳು, ಮೂಸಿದಳು, ಕೆಳಗಿಟ್ಟಳು.

“ಇದು ಎಮ್ಮಿ ಹಾಲಲ್ಲ” ಎಂದಳು. ಅಷ್ಟೆ.

ಮೌಶಿ ದಡಕ್ಕನೆ ಎದ್ದು ನನ್ನ ಹತ್ತಿರ ಬಂದಳು. “ನಾಳೆ ಮುಂಜಾನೆ ಲಗೂನ ಗಾಡಿ ತಗೊಂಡು ಬಾ. ಎಮ್ಮಿ ಬೇಕು.”

ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಮೌಶಿ, ಎಮ್ಮಿ ಕಾರಿನ್ಯಾಗ ಹಿಡಿಯೂದಿಲ್ಲ! ಕಂಪನಿಯವರು ಹಂಗ ಮಾಡೇ ಇಲ್ಲ ಅದನ್ನ!”

“ಹುಚ್ಚ ಖೋಡಿ, ಎಮ್ಮಿ ಬರೂದಿಲ್ಲ. ನಾವ ಹೋಗೂದು.”

ಮುಂಬಯಿಯಲ್ಲಿ ಎಮ್ಮೆಯೇ ಎಂದು ನೀವು ಹುಬ್ಬೇರಿಸಬಹುದು. ಅಂಧೇರಿಯಿಂದ ಬೊರಿವಲಿಗೆ ಹೋಗುವ ದಾರಿಯಲ್ಲಿ, ಎತ್ತರದ ಬಿಲ್ಡಿಂಗುಗಳ ಬೆನ್ನಿಗೆ, ಇಂದಿಗೂ ತಬೇಲಾಗಳಿವೆ. ಸಾಲು ಸಾಲು ಎಮ್ಮೆಗಳನ್ನು ಕಟ್ಟಿದ ದೊಡ್ಡ ಕೊಟ್ಟಿಗೆಗಳು. ಮೇಲಿನ ಬಾಲ್ಕನಿಗಳವರು ಕಿಟಕಿ ಮುಚ್ಚಿಕೊಂಡು ಬದುಕುತ್ತಾರೆ. ಮರುದಿನ ಬೆಳಿಗ್ಗೆ ಅಂಥದೊಂದರ ಬಾಗಿಲಿನಲ್ಲಿ ನಾವು ನಿಂತಿದ್ದೆವು. ಮೌಶಿ, ಅಕ್ಕೋರು, ರೇಣುಕಾ ಮತ್ತು ಪವಾಯಿಯ ಮಾಲಿನಲ್ಲಿ ಕೊಂಡ ಹೊಸ ಬೂಟು ಹಾಕಿಕೊಂಡ ನಾನು. ನನ್ನ ಬುದ್ಧಿಗೆ ಏನೆನ್ನಬೇಕು ಹೇಳಿ!

ತಬೇಲಾದ ಮಾಲೀಕ ಉತ್ತರ ಪ್ರದೇಶದವನು. ಮೌಶಿ ಅವನಿಗೆ ತನ್ನ ಧಾರವಾಡದ ಹಿಂದಿಯಲ್ಲಿ, “ಭೈಯಾ, ಹಮಾರಾ ಲಡಕೀಕೋ ಭೈಂಸ್ ದೇಖನೇಕಾ ಹೈ” ಎಂದಳು. ನಮ್ಮ ಹುಡುಗಿಗೆ ಎಮ್ಮೆ ನೋಡಬೇಕಾಗಿದೆ ಎಂಬ ಆ ಮಾತು ವರ ನೋಡಲು ಬಂದ ಧಾಟಿಯಲ್ಲಿತ್ತು. ಎಮ್ಮೆಯಲ್ಲಿ ನೋಡುವುದಕ್ಕೆ ಏನಿದೆ ಎಂದು ಅವನು ತಲೆ ಕೆರೆದುಕೊಂಡು ಒಳಗೆ ಬಿಟ್ಟ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಬಲಗಾಲು ಪಾದ ಮುಳುಗುವಷ್ಟು ಸಗಣಿಯಲ್ಲಿ ಇಳಿಯಿತು. ಎಡಗಾಲು ಬಲಗಾಲಿನ ಸಹಾಯಕ್ಕೆ ಹೋಗಿ ತಾನೂ ಇಳಿಯಿತು.

“ಹಿಂದ ನಿಂದರಬ್ಯಾಡ್ರಿ ಸರ, ಬಾಲ ಬೀಸತೈತಿ!” ಎಂದಿತು ಒಂದು ದನಿ.

ರೇಣುಕಾಳ ದನಿ! ಸಂತೋಷದಿಂದ ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ಒದ್ದೆ ಬಾಲವೊಂದು ನನ್ನ ಕೆನ್ನೆಗೆ ಈ ಕಡೆಯಿಂದ ಆ ಕಡೆಗೆ ಸಾರಿಸಿದಂತೆ ಬಡಿಯಿತು. ಆ ಹುಡುಗಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು, ತೆಗೆದು, ಜೋರಾಗಿ ನಕ್ಕಳು. ನನ್ನ ಕಲೆ ಸತ್ತಿರಲಿಲ್ಲ.

ಆಮೇಲೆ ಅವಳು ನಮ್ಮನ್ನು ಮರೆತಳು. ಸಾಲಿನ ನಡುವೆ ನಡೆದು ಒಂದು ಎಮ್ಮೆಯ ಹತ್ತಿರ ನಿಂತು ಅದರ ಕತ್ತಿಗೆ ಹಣೆ ಹಚ್ಚಿದಳು. ಮಾತಾಡತೊಡಗಿದಳು. ನಮ್ಮ ಜೊತೆಗಲ್ಲ, ಎಮ್ಮೆಯ ಜೊತೆಗೆ. “ನಿನಗ ಯಾರ ಹಿಂಡತಾರ? ಯಾರ ಹಿಂಡಿದ್ರೂ ಕೊಡತೀಯೇನ? ನಮ್ಮ ಗಂಗಿ ಕೊಡಂಗಿಲ್ಲ. ನಾ ಕುಂತರಷ್ಟ ಇಳಸತೈತಿ. ಅವ್ವ ಕುಂತ್ರೂ ಒದೀತೈತಿ. ಕೆಚ್ಚಲಾ ಬಾತು ಒದರಾಕತ್ತಿರಬೇಕು. ಅಪ್ಪಗ ಕೇಳಿದ್ರ ಎಲ್ಲಾ ಆರಾಮೈತಿ ಅಂತಾನ. ಸುಳ್ಳ ಹೇಳತಾನ.” ಹೀಗೆ ಹೇಳುತ್ತ ಹೇಳುತ್ತ ಅವಳು ಕೊನೆಗೂ ಅತ್ತಳು. ಎಮ್ಮೆ ಯಾಕೆ ಅಳುತ್ತೀ ಎಂದು ಕೇಳಲಿಲ್ಲ. ಮೆಲುಕು ಹಾಕುತ್ತ ನಿಂತಿತ್ತು.

ಮೌಶಿ ಅಕ್ಕೋರಿಗೆ ಮೊಬೈಲು ತೆಗೆಯುವಂತೆ ಸನ್ನೆ ಮಾಡಿದಳು. “ಇದು ಹಾಲು ಹಿಂಡೂ ಹೊತ್ತು. ವಿಡಿಯೋ ಹಚ್ಚಿ ಕೊಟ್ಟಿಗಿಗೇ ಒಯ್ಯಂತ ಹೇಳ್ರಿ. ಹೇಳೂದು ಬ್ಯಾಡ, ಕಣ್ಣಿಲೇ ನೋಡಲಿ.”

ರೇಣುಕಾಳ ಅವ್ವ ಫೋನು ಎತ್ತಿದಳು. ಕೊಟ್ಟಿಗೆ ಎಂದ ಕೂಡಲೇ ಸ್ವಲ್ಪ ತಡವರಿಸಿದಳು. ಆಮೇಲೆ ನಕ್ಕು, ಫೋನು ಹಿಡಿದುಕೊಂಡು ನಡೆದಳು. ನಾವು ನಾಲ್ವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಗಂಗಿ ನಿಂತಿತ್ತು. ಅದರ ಬದಿಗೆ, ಹೂವಿನ ಚಿತ್ರಗಳ ಹಳದಿ ಓಡಣಿಯನ್ನು ತಲೆತುಂಬ ಹೊದ್ದುಕೊಂಡು, ಮೊಣಕಾಲಿನ ನಡುವೆ ತಂಬಿಗೆ ಹಿಡಿದು ಯಾರೋ ಹಾಲು ಹಿಂಡುತ್ತಿದ್ದರು. ಓಡಣಿಯ ಕೆಳಗೆ ಇಷ್ಟು ದಪ್ಪ ಮೀಸೆ!

“ಅಪ್ಪಾ!” ಎಂದು ಕಿರುಚಿದಳು ರೇಣುಕಾ.

“ಏ, ಬಂದ್ ಮಾಡ ಅದನ್ನ! ಯಾಕ ತೋರಿಸ್ತಿ?” ಎಂದು ಮೀಸೆ ಗದರಿತು. ಓಡಣಿ ಎಳೆದು ಮುಖ ಮುಚ್ಚಿಕೊಂಡಿತು.

ಅವ್ವನ ದನಿ ಕೇಳಿಸಿತು: “ನೀ ಹ್ವಾದಾಗಿಂದ ದಿನಾ ನಿನ್ನ ಓಡಣಿ ಹೊತ್ಕೊಂಡ ಕುಂದರತಾನವಾ. ನಿನ್ನ ವಾಸನಿಗೆ ಗಂಗಿ ನೀನ ಅಂತ ತಿಳಕೊಂಡು ಹಾಲ ಇಳಸತೈತಿ. ಊರಾಗ ಯಾರಿಗೂ ಹೇಳಬ್ಯಾಡ, ನಿನಗೂ ಹೇಳಬ್ಯಾಡ ಅಂದಾನ. ಮರ್ಯಾದಿ ಹೊಕ್ಕೈತಂತ.”

ಮಗಳು ಊರೂರು ಕುಣಿಯುವುದು ಬೇಡ ಎಂದಿದ್ದ ಮನುಷ್ಯ, ಮಗಳು ಚಿಂತೆಯಿಲ್ಲದೆ ಡೊಳ್ಳು ಬಾರಿಸಲಿ ಎಂದು ಮಗಳಾಗಿ ಕೂತಿದ್ದ! ರೇಣುಕಾ ಕಣ್ಣೊರೆಸಿಕೊಂಡು ಫೋನಿಗೆ ಬಾಯಿ ಹಚ್ಚಿ, “ಅಪ್ಪಾ, ಸುಮ್ಮ ಕುಂದರಬ್ಯಾಡ, ಹಾಡಬೇಕು! ಹಾಡಿದ್ರ ಪೂರಾ ಇಳಸತೈತಿ” ಎಂದು ಹುಕುಂ ಮಾಡಿದಳು. ಆಮೇಲೆ ಓಡಣಿಯ ಒಳಗಿನಿಂದ ಒಡಕು ದನಿಯ ಗುನುಗು ಕೇಳಿತು. ಅಕ್ಕೋರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ನನ್ನದು ಬಾಲದ ಸಗಣಿ ಎಂದು ಎಲ್ಲರಿಗೂ ಹೇಳಿದೆ.

ರವಿವಾರ ಸಂಜೆ ಬೊರಿವಲಿಯ ಕಾರ್ಯಕ್ರಮದಲ್ಲಿ ರೇಣುಕಾ ಹಾಕಿದ ಮೊದಲ ಪೆಟ್ಟಿಗೆ ನನ್ನ ಪಕ್ಕದವರ ಕೈಯಲ್ಲಿದ್ದ ಬಟಾಟೆ ವಡೆ ಕೆಳಗೆ ಬಿತ್ತು. ಅಕ್ಕೋರು ಅದನ್ನು ಪೂರ್ತಿ ವಿಡಿಯೋ ಮಾಡಿ ಮೀಸೆಯ ಓಡಣಿಯವರಿಗೆ ಕಳಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಮೌಶಿಯ ಮನೆಗೆ ಹೋದೆ. ಆ ದಿನವೂ ಚಿಕ್ಕ ಹುಡುಗಿಯರನ್ನು ಆಡಿಸಲು ಖಾಖ್ರಾನನ್ನು ಕರೆದೊಯ್ದಿದ್ದೆವು. ಅದನ್ನು ತಿರುಗಿ ಕೊಡುವ ಕೆಲಸ ನನಗೆ ಬಂತು. ಮೌಶಿ ಒಳಗೆ ಸೀರೆ ಬದಲಿಸುತ್ತಿದ್ದಳು. ನಾನು ನಾಯಿಯ ಹಗ್ಗವನ್ನು ತುದಿಯಲ್ಲಿ ಹಿಡಿದು, ಅದು ಗುರ್ ಎಂದಾಗಲೆಲ್ಲ ಗೋಡೆಗೆ ಅಂಟುತ್ತ, ಪಕ್ಕದ ಬಾಗಿಲು ಬಡಿದೆ. ಬೇನ್ ನನ್ನ ಅವಸ್ಥೆ ನೋಡಿ ನಕ್ಕರು. ನನಗೆ ಸಿಟ್ಟು ಬಂತು. ಬೇನ್‌ರ ಮುಂದೆ ಇದುವರೆಗೆ ಹೇಳಿರದ ಅದೇ ಹಳೆಯ ಕಥೆಯನ್ನು ಹೊರಗೆ ತೆಗೆದೆ. ನಗಬೇಡಿ, ನೀವೆಲ್ಲ ಕಚ್ಛಕ್ಕೆ ಹೋದಾಗ ನಿಮ್ಮ ಬೆಕ್ಕನ್ನು ಸಾಕಿದವನು ನಾನೇ ಎಂದೆ.

“ಕಚ್ಛ? ಕೌನ್ಸಾ ಕಚ್ಛ, ಬೇಟಾ?” ಎಂದರು ಬೇನ್.

ಆಮೇಲೆ ಅವರು ಹಿಂದಿಯಲ್ಲಿ ಹೇಳಿದ್ದು ಇಷ್ಟು. ಅವರು ಎಲ್ಲಿಗೂ ಹೋಗಿರಲಿಲ್ಲ. ಒಂದು ದಿನ ಮೌಶಿ ಬಂದು, “ನನ್ನ ಅಕ್ಕನ ಮಗ ನಲ್ಲಿ ಬಿಟ್ಟುಕೊಂಡು ಬಚ್ಚಲಿನಲ್ಲಿ ಅಳುತ್ತಾನೆ. ನಾನು ಹೋಗಿ ಕೇಳಿದರೆ ಅದನ್ನೂ ನಿಲ್ಲಿಸಿಬಿಡುತ್ತಾನೆ. ನಿಮ್ಮ ಬೆಕ್ಕು ಕೊಡಿ” ಎಂದಳಂತೆ. ಬೆಕ್ಕು ಕೊಟ್ಟದ್ದಷ್ಟೇ ಅಲ್ಲ, ನಾನು ಮನೆಯಲ್ಲಿರುವಾಗ ಆ ಇಡೀ ಸಂಸಾರ ತಮ್ಮದೇ ಮನೆಯಲ್ಲಿ ತುದಿಗಾಲಿನಲ್ಲಿ ನಡೆದಿತ್ತು. ಟಿವಿ ಹಚ್ಚಲು ಮೌಶಿ ಬಿಟ್ಟಿರಲಿಲ್ಲ. ಬೇನ್‌ರ ಯಜಮಾನರು ಸೀನು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದರಂತೆ. ನನಗೆ ಆಗ ನೆನಪಾಯಿತು. ಯಾರೂ ಇಲ್ಲವೆಂದುಕೊಂಡಿದ್ದ ಪಕ್ಕದ ಮನೆಯಿಂದ ಒಮ್ಮೆ ಕುಕ್ಕರಿನ ಸೀಟಿ ಕೇಳಿ ನಾನು ಚಕಿತನಾಗಿದ್ದೆ. “ಅದು ಮ್ಯಾಲಿನ ಮನೀದೋ” ಎಂದು ಮೌಶಿ ಚಹಕ್ಕೆ ಇಡಲು ಹೋಗಿದ್ದಳು.

ಇಷ್ಟು ವರ್ಷ ಊರೆಲ್ಲ ಡಂಗುರ ಸಾರಿದೆನಲ್ಲ, ಬೆಕ್ಕನ್ನು ಸಾಕಿದೆ ಎಂದು! ಸಾಕಿಸಿಕೊಂಡವನು ನಾನು. ಮೌಶಿಯ ಮೊದಲ ರೋಗಿ ನಾನು.

ನಾಯಿಯನ್ನು ಒಪ್ಪಿಸಿ ಬಂದು ಮೌಶಿಯ ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತೆ. ಕೇಳಬೇಕೆಂದುಕೊಂಡೆ. ಕೇಳುವ ಬದಲು ಪ್ಯಾಂಟಿಗೆ ಅಂಟಿದ್ದ ನಾಯಿಯ ಬಿಳಿ ಕೂದಲನ್ನು ಒಂದೊಂದಾಗಿ ಕೀಳತೊಡಗಿದೆ. ಅವ್ವ ಬಹಳ ನೆನಪಾದಳು. ಇಷ್ಟು ದಿನ ಅವಳು ಅಷ್ಟಾಗಿ ನೆನಪಾಗದೆ ಇದ್ದದ್ದು ಹೇಗೆ ಎಂಬುದೂ ಆಗಲೇ ತಿಳಿಯಿತು. ಮೌಶಿ ಒಮ್ಮೆ ನನ್ನ ಮುಖ ನೋಡಿದಳು. ಯಾಕೆಂದು ಕೇಳಲಿಲ್ಲ. ಗ್ಯಾಸು ಸಣ್ಣಗೆ ಮಾಡಿ ಹೊರಗೆ ಹೋದಳು. ಪಕ್ಕದ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಬೇನ್ ಏನೋ ಹೇಳಿ ನಕ್ಕದ್ದೂ ಕೇಳಿಸಿತು. ತಿರುಗಿ ಬಂದವಳ ಕೈಯಲ್ಲಿ ಖಾಖ್ರಾ.

“ಬೇನ್ ಕಚ್ಛಕ್ಕ ಹೊಂಟಾಳ” ಎಂದಳು ಮೌಶಿ, ನನ್ನ ಕಡೆ ನೋಡದೆ. “ಇದನ್ನ ಸ್ವಲ್ಪ ಹಿಡಕೊಂಡು ಕೂಡು.”

ಅದನ್ನು ನನ್ನ ತೊಡೆಯ ಮೇಲೆ ಇಟ್ಟು, ಚಹ ಸೋಸಲು ಹೋದಳು. ನಾಯಿ ನನ್ನನ್ನು ನೋಡಿತು. ನಾನು ನಾಯಿಯನ್ನು ನೋಡಿದೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.